ಆರ್ದ್ರಾ 3ನೇ ಪಾದ, ಅಕ್ಷರ ‘ಙ’: ಹೆಣ್ಣುಮಗುವಿಗೆ ಎರಡಕ್ಷರದ ಹೆಸರು ಬೇಕು

ಪ್ರಶ್ನೆ: ತುಂಗೆಯ_ತೊಟ್ಟಿಲು

ನಮಸ್ಕಾರ. ಹೆಣ್ಣುಮಗು, ಆರ್ದ್ರಾ ನಕ್ಷತ್ರ, 3ನೇ ಪಾದ, ಮಿಥುನ ರಾಶಿ. ಪಂಚಾಂಗದಲ್ಲಿ ಆರ್ದ್ರೆಯ ನಾಲ್ಕು ಪಾದಗಳಿಗೆ ಕೂ, ಘ, ಙ, ಛ ಎಂದಿದೆ. ನಮ್ಮ ಪಾಲಿಗೆ ಬಂದದ್ದು ಙ. ಈ ಅಕ್ಷರಕ್ಕೆ ಹೆಸರು ಎಲ್ಲಿಂದ ತರುವುದು?

ಹೆಸರು ಎರಡಕ್ಷರದ್ದಿರಬೇಕು, ಹೆಚ್ಚೆಂದರೆ ಮೂರು. ತೀರ್ಥಹಳ್ಳಿಯಲ್ಲಿರುವ ಅಜ್ಜ ಅಜ್ಜಿ ಬಾಯ್ತುಂಬ ಕರೆಯುವಂತಿರಬೇಕು. ಮಗು ಬೆಳೆಯುವುದು ಜರ್ಮನಿಯಲ್ಲಿ, ಅಲ್ಲಿಯವರ ಬಾಯಲ್ಲೂ ತೀರಾ ಕೆಡಬಾರದು. ಈವರೆಗೆ ಆರಿಸಿಟ್ಟವು: ಅನ್ಯಾ, ತ್ರಿಷಾ, ಶಾನ್ವಿ, ಧೃತಿ, ಮೇಧಾ, ಇಳಾ. ಒಂದೊಂದು ವೆಬ್‌ಸೈಟ್ ಒಂದೊಂದು ಅರ್ಥ ಕೊಡುತ್ತಿದೆ. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಇನ್ನೂ ಖಾಲಿ ಇದೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ಪಂಚಾಂಗ_ಪುಟ

ಮೊದಲು ಙ ವಿಷಯ. 27 ನಕ್ಷತ್ರ, ತಲಾ 4 ಪಾದ, ಒಟ್ಟು 108 ಪಾದ. ಪ್ರತಿಯೊಂದಕ್ಕೂ ಒಂದು ಅಕ್ಷರ ಹೊಂದಿಸುವಾಗ ಪದದ ಮೊದಲಿಗೆ ಎಂದೂ ಬಾರದ ಅಕ್ಷರಗಳೂ ಪಟ್ಟಿಗೆ ಸೇರಿವೆ. ನಿಮ್ಮದೊಂದೇ ಅಲ್ಲ, ಹಸ್ತದವರಿಗೆ ಣ, ಉತ್ತರಾಭಾದ್ರದವರಿಗೆ ಞ ಬಂದು ಹೀಗೇ ಸಿಕ್ಕಿಕೊಳ್ಳುತ್ತಾರೆ. ಇದಕ್ಕೆ ಜ್ಯೋತಿಷ್ಯದಲ್ಲೇ ಹಳೆಯ ಪರಿಹಾರ ಇದೆ: ಙ, ಞ, ಣ ಬಂದರೆ ಕ್ರಮವಾಗಿ ಗ, ಜ, ಡ ಹಿಡಿಯುವುದು. ಆದ್ದರಿಂದ ನಿಮ್ಮ ಮಗುವಿಗೆ ‘ಗ’ ಇಂದ ಹೆಸರಿಟ್ಟರೆ ಶಾಸ್ತ್ರ ತಪ್ಪಿದಂತೆ ಆಗುವುದಿಲ್ಲ. ಹ್ರಸ್ವ ದೀರ್ಘದ ಬಗ್ಗೆ ಬಹುತೇಕ ಪುರೋಹಿತರು ಪಟ್ಟು ಹಿಡಿಯುವುದಿಲ್ಲ. ಗ, ಗಾ, ಗಿ, ಗೌ ಯಾವುದಾದರೂ ನಡೆಯುತ್ತದೆ. ಆದರೂ ನಿಮ್ಮ ಮನೆಯ ಪುರೋಹಿತರನ್ನು ಮೊದಲೇ ಕೇಳಿಕೊಳ್ಳಿ. ನಾಮಕರಣದ ದಿನ ಅಕ್ಕಿ ತಟ್ಟೆಯ ಮುಂದೆ ಕೂತು ಚರ್ಚೆ ಬೇಡ.

‘ಗ’ ಇಂದ ಎರಡಕ್ಷರದವು ಚೆನ್ನಾಗಿಯೇ ಇವೆ. ಒತ್ತಕ್ಷರವನ್ನು ಬೇರೆ ಎಣಿಸಬೇಡಿ, ‘ಗಾರ್ಗಿ’ ಎರಡೇ ಅಕ್ಷರ.

ಗೌರಿ: ಬಿಳಿ, ಹೊಂಬಣ್ಣದವಳು, ಪಾರ್ವತಿ. ಆರ್ದ್ರೆಯ ಅಧಿದೇವತೆ ರುದ್ರ, ಹಾಗಾಗಿ ನಕ್ಷತ್ರಕ್ಕೂ ಹೊಂದುತ್ತದೆ.
ಗಾರ್ಗಿ: ಗರ್ಗ ವಂಶದವಳು. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಜನಕನ ಸಭೆಯಲ್ಲಿ ಯಾಜ್ಞವಲ್ಕ್ಯನನ್ನು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದ ಬ್ರಹ್ಮವಾದಿನಿ.
ಗಾಥಾ: ಹಾಡುವ ಪದ್ಯ. ಮಹಾಪ್ರಾಣ ‘ಥಾ’ ಬಿಡಬೇಡಿ.
ಗೋದಾ: ಗೋದಾವರಿ, ತಮಿಳುನಾಡಿನ ಭಕ್ತಕವಯಿತ್ರಿ ಆಂಡಾಳ್‌ಗೂ ಇದೇ ಹೆಸರು. ಶ್ರೀವೈಷ್ಣವರ ಮನೆಗಳಲ್ಲಿ ಬಳಕೆ ಹೆಚ್ಚು.
ಗಂಗಾ, ಗೀತಾ: ಹೇಳಬೇಕಾದದ್ದೇನಿಲ್ಲ.

ಅದೇ ನಕ್ಷತ್ರದ ಬೇರೆ ಪಾದದ ಅಕ್ಷರ ಹಿಡಿಯುವುದು ಇನ್ನೊಂದು ದಾರಿ. ‘ಛ’ ಇಂದ ಛವಿ (ಕಾಂತಿ) ಮತ್ತು ಛಾಯಾ (ನೆರಳು, ಪುರಾಣದಲ್ಲಿ ಸೂರ್ಯನ ಹೆಂಡತಿ, ಶನಿಯ ತಾಯಿ). ಶನಿಯ ಹೆಸರು ಕೇಳಿದೊಡನೆ ಹಿಂಜರಿಯುವ ಹಿರಿಯರಿದ್ದರೆ ಛವಿ ವಾಸಿ. ‘ಕು’ ಇಂದ ಕುಹೂ ಈಗ ಹೆಚ್ಚು ಕೇಳಿಬರುತ್ತಿದೆ. ಕೋಗಿಲೆಯ ಕೂಗು ಎಂಬುದು ನಿಜ, ಆದರೆ ಚಂದ್ರನ ಒಂದು ಕಲೆಯೂ ಕಾಣದ ಅಮಾವಾಸ್ಯೆಗೂ ಕುಹೂ ಎಂದೇ ಹೆಸರು. ಅದು ಗೊತ್ತಿದ್ದು ಇಡುವುದಾದರೆ ಇಡಿ. ‘ಘ’ ಇಂದ ಪುಟ್ಟ ಹೆಸರಿಗೆ ಒದಗುವ ಒಳ್ಳೆಯ ಪದ ಇಲ್ಲ, ಹುಡುಕುತ್ತ ಹೊತ್ತು ಕಳೆಯಬೇಡಿ.

ಮೂರನೆಯ ದಾರಿಯೇ ಎಷ್ಟೋ ಮನೆಗಳ ರೂಢಿ: ನಕ್ಷತ್ರನಾಮ ಜಾತಕಕ್ಕೆ, ಕರೆಯುವ ಹೆಸರು ಬೇರೆ. ತೊಟ್ಟಿಲಿಗೆ ಹಾಕುವಾಗ ಎರಡನ್ನೂ ಕಿವಿಯಲ್ಲಿ ಹೇಳಬಹುದು. ಹೀಗೆ ಮಾಡಿದರೆ ಇಳಾ, ಮೇಧಾ ಕೂಡ ನಿಮ್ಮ ಪಟ್ಟಿಯಲ್ಲಿ ಉಳಿಯುತ್ತವೆ.

ಹಿರಿಯರು ಇನ್ನೊಂದು ಮಾತು ಎತ್ತಬಹುದು. ಗೃಹ್ಯಸೂತ್ರದ ನಿಯಮದಂತೆ ಹೆಣ್ಣುಮಗುವಿನ ಹೆಸರು ಬೆಸ ಸಂಖ್ಯೆಯ ಅಕ್ಷರಗಳದ್ದಾಗಿ ‘ಆ’ಕಾರದಲ್ಲಿ ಮುಗಿಯಬೇಕು. ಉಮಾ, ರಮಾ, ಗೌರಿ ಎಲ್ಲವೂ ಎರಡಕ್ಷರದವೇ ಆದ್ದರಿಂದ ಬಳಕೆಯಲ್ಲಿ ಇದನ್ನು ಯಾರೂ ಗಟ್ಟಿಯಾಗಿ ಹಿಡಿದಿಲ್ಲ. ಮನೆಯಲ್ಲಿ ಒತ್ತಾಯ ಬಂದರೆ ಗಿರಿಜಾ ಎರಡಕ್ಕೂ ಹೊಂದುತ್ತದೆ: ಮೂರಕ್ಷರ, ಆಕಾರಾಂತ.

ಉತ್ತರ 2: ನಿಘಂಟಿನ_ಅಂಚು

ನಿಮ್ಮ ಆರು ಹೆಸರುಗಳಲ್ಲಿ ಮೂರನ್ನು ಇವತ್ತೇ ತೆಗೆದುಹಾಕಿ.

ಅನ್ಯಾ: ಸಂಸ್ಕೃತದಲ್ಲಿ ಸಾಮಾನ್ಯವಾಗಿ ‘ಬೇರೆಯವಳು’ ಎಂದೇ ಅರ್ಥ. ಅನ್ಯ, ಅನ್ಯರು ಎಂಬ ಮಾತು ಕನ್ನಡದಲ್ಲೂ ದಿನಬಳಕೆಯದು. ಸ್ವಂತ ಮಗಳಿಗೆ ಅದು ಬೇಡ. ವೆಬ್‌ಸೈಟ್‌ಗಳು ಕೊಡುವ ‘ಕೃಪೆಯುಳ್ಳ’ ಎಂಬ ಅರ್ಥಕ್ಕೆ ಸಂಸ್ಕೃತದಲ್ಲಿ ಬುಡವಿಲ್ಲ.

ತ್ರಿಷಾ: ಮೂಲ ತೃಷಾ, ಅಂದರೆ ಬಾಯಾರಿಕೆ, ಆಸೆ. ತೃಷೆ ಎಂದರೆ ಹಳ್ಳಿಯ ಅಜ್ಜಿಗೂ ಅರ್ಥವಾಗುತ್ತದೆ.

ಶಾನ್ವಿ: ‘ಲಕ್ಷ್ಮಿ’ ಎಂದು ಎಲ್ಲೆಡೆ ಬರೆದಿರುತ್ತಾರೆ. ಲಕ್ಷ್ಮಿಯ ಹೆಸರುಗಳ ನಡುವೆ ಅಮರಕೋಶದಲ್ಲಿ ಇದಿಲ್ಲ. ಕಿವಿಗೆ ಇಂಪಾಗಿದೆ ಎಂದು ಇಡುವವರಿಗೆ ಅಡ್ಡಿಯಿಲ್ಲ, ಆದರೆ ನೀವು ಕೇಳಿದ್ದು ಸರಿಯಾದ ಅರ್ಥವನ್ನು.

ಉಳಿದ ಮೂರೂ ಗಟ್ಟಿ ಹೆಸರುಗಳು. ಇಳಾ ಎಂದರೆ ಭೂಮಿ, ಮಾತು. ಕನ್ನಡದ ‘ಇಳೆ’ ಇದರದೇ ರೂಪ. ಪುರಾಣದ ಇಳಾ ಮನುವಿನ ಮಗಳು, ಬುಧನ ಹೆಂಡತಿ, ಪುರೂರವನ ತಾಯಿ. ಮಿಥುನ ರಾಶಿಯ ಅಧಿಪತಿ ಬುಧನೇ ಆದ್ದರಿಂದ ಈ ಹೆಸರು ನಿಮ್ಮ ಮಗುವಿಗೆ ಅಕ್ಷರದ ಲೆಕ್ಕ ಬಿಟ್ಟೂ ಒಪ್ಪುತ್ತದೆ. ಮೇಧಾ ಎಂದರೆ ಗ್ರಹಿಸಿದ್ದನ್ನು ಹಿಡಿದಿಟ್ಟುಕೊಳ್ಳುವ ಬುದ್ಧಿ. ಧೃತಿ ಎಂದರೆ ಧೈರ್ಯ, ಸ್ಥೈರ್ಯ. ‘ಧೃತಿಗೆಡಬೇಡ’ ಎನ್ನುತ್ತೇವಲ್ಲ, ಅದೇ.

ಪುಟ್ಟ ಹೆಸರಿನ ತೊಂದರೆ ಏನೆಂದರೆ, ಅದರಲ್ಲಿ ಒಂದು ಮಹಾಪ್ರಾಣ ಸಡಿಲವಾದರೂ ಅರ್ಥ ಪೂರ್ತಿ ಬೇರೆಯಾಗುತ್ತದೆ. ಉದ್ದ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಉಳಿದವು ಅರ್ಥವನ್ನು ಕಾಯುತ್ತವೆ, ಎರಡಕ್ಷರದಲ್ಲಿ ಆ ಆಸರೆ ಇಲ್ಲ. ಮೇಧಾ ಬುದ್ಧಿ, ಮೇದಸ್ಸು ಕೊಬ್ಬು. ಧೃತಿ ಧೈರ್ಯ, ದೃತಿ ಚರ್ಮದ ಚೀಲ. ಧರಾ ಭೂಮಿ, ದರ ಅಂಗಡಿಯ ಬೆಲೆ. ಸುಧಾ ಅಮೃತ, ಸುತಾ ಮಗಳು. ಈಶಾ ಒಡತಿ, ಈಷಾ ಎಂದರೆ ನೇಗಿಲಿನ ಈಸು (ಉದ್ದನೆಯ ಮರದ ದಂಡ). ಕನ್ನಡದ ಆಡುಮಾತಿನಲ್ಲಿ ಮಹಾಪ್ರಾಣ ಹೇಗೂ ಸಡಿಲ, ಅದನ್ನು ತಡೆಯಲಾಗದು. ಆದರೆ ಬರವಣಿಗೆ ತಪ್ಪಬಾರದು.

ಪರೀಕ್ಷಿಸುವ ಕ್ರಮ ಇದು. ಹೆಸರನ್ನು ಇಂಗ್ಲಿಷಿನಲ್ಲಿ ನೋಡಿದ್ದರೆ ಮೊದಲು ಕನ್ನಡದಲ್ಲಿ ಬರೆಯಿರಿ. ತ ಅಥವಾ ಥ, ದ ಅಥವಾ ಧ, ಶ ಅಥವಾ ಷ, ಲ ಅಥವಾ ಳ, ಹ್ರಸ್ವ ಅಥವಾ ದೀರ್ಘ, ಇಷ್ಟನ್ನೂ ಗೊತ್ತುಮಾಡಿಕೊಳ್ಳಿ. ಆಮೇಲೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಅಥವಾ 1894ರ ಕಿಟ್ಟೆಲ್ ನಿಘಂಟಿನಲ್ಲಿ ನೋಡಿ. ಸಂಸ್ಕೃತದ್ದಾದರೆ ಮೋನಿಯರ್ ವಿಲಿಯಮ್ಸ್ ನಿಘಂಟೂ ಇದೆ. ಅಲ್ಲೆಲ್ಲೂ ಸಿಗದ ಪದಕ್ಕೆ ‘ದೇವಿಯ ಹೆಸರು’ ಎಂದು ಯಾರು ಬರೆದರೂ ನಂಬಬೇಡಿ.

ಉತ್ತರ 3: ಕರಾವಳಿ_ಇಂಚರ

ಎಲ್ಲರೂ ಸಂಸ್ಕೃತದಲ್ಲೇ ಹುಡುಕುತ್ತಿದ್ದೀರಿ. ಅಚ್ಚಗನ್ನಡದ ಹೆಸರುಗಳನ್ನೂ ನೋಡಿ, ಅರ್ಥ ಹೇಳಿಕೊಡುವ ಕೆಲಸವೇ ಇರುವುದಿಲ್ಲ.

ಸಿರಿ: ‘ಶ್ರೀ’ಯ ತದ್ಭವ, ಸಂಪತ್ತು. ತುಳುನಾಡಿನಲ್ಲಿ ಸಿರಿ ಪಾಡ್ದನದ (ತುಳುವಿನ ಜನಪದ ಹಾಡುಗತೆ) ನಾಯಕಿ. ನಂದಳಿಕೆ, ಕವತ್ತಾರುಗಳಲ್ಲಿ ಇಂದಿಗೂ ಸಿರಿ ಜಾತ್ರೆ ನಡೆಯುತ್ತದೆ. ಒಂದು ವ್ಯಾವಹಾರಿಕ ತೊಡಕು: ಆಪಲ್ ಫೋನಿನ ಸಹಾಯಕಿಯ ಹೆಸರೂ ಇದೇ, 2011ರಿಂದ. ಜರ್ಮನಿಯ ಶಾಲೆಯಲ್ಲಿ ಮಕ್ಕಳು ಕಾಡುವುದು ಖಂಡಿತ. ಊರಿನಲ್ಲೇ ಇರುವವರಾದರೆ ಧಾರಾಳವಾಗಿ ಇಡಿ ಎನ್ನುತ್ತಿದ್ದೆ.

ಚುಕ್ಕಿ: ನಕ್ಷತ್ರ. ಮುದ್ದಿನ ಹೆಸರಾಗಿ ಸೊಗಸು. ದಾಖಲೆಗೆ ಬೇಕಾದರೆ ಅದೇ ಅರ್ಥದ ತಾರಾ ಇದೆ. ತಾರಾ ಯಾವ ದೇಶದಲ್ಲೂ ಕೆಡುವುದಿಲ್ಲ.

ನಲ್ಮೆ: ಪ್ರೀತಿ, ಅಕ್ಕರೆ. ಎರಡಕ್ಷರ. ಹೆಚ್ಚು ಜನ ಇಟ್ಟಿಲ್ಲ, ಇಡಬೇಕು.

ಇಂಚರ: ಇನಿದಾದ ಸ್ವರ. ಮೂರಕ್ಷರ. ಜರ್ಮನಿಯವರಿಗೆ ‘ಚ’ ಹೇಳಲು ಬರುತ್ತದೆ, ಆದರೆ ಇಂಗ್ಲಿಷ್ ಕಾಗುಣಿತ ನೋಡಿ ಅವರು ಹಾಗೆ ಓದುವುದಿಲ್ಲ.

‘ಕು’ ಅಕ್ಷರಕ್ಕೆ ಕುಡಿ (ಚಿಗುರಿನ ತುದಿ, ವಂಶದ ಕುಡಿ) ಹೊಳೆಯಬಹುದು. ಅದು ಬೇಡ. ‘ನೀರು ಕುಡಿ’ ಎಂದು ತರಗತಿಯಲ್ಲಿ ದಿನವೂ ಕೇಳುವ ಮಗುವಿನ ಪಾಡು ಯೋಚಿಸಿ. ಕುಂದಾ ಕೂಡ ಹಾಗೆ: ಮಲ್ಲಿಗೆಯ ಒಂದು ಜಾತಿ ಹೌದು, ಆದರೆ ಎಲ್ಲರಿಗೂ ನೆನಪಾಗುವುದು ಬೆಳಗಾವಿಯ ಸಿಹಿ. ನೀರಾ ಎಂದರೆ ತೆಂಗಿನ ಮರದಿಂದ ಇಳಿಸುವ ಪಾನೀಯ. ಹೆಸರನ್ನು ಆಯ್ದ ಮೇಲೆ ಅದನ್ನು ಆಜ್ಞೆಯಾಗಿ, ತಿಂಡಿಯಾಗಿ, ಬೈಗುಳವಾಗಿ ಒಮ್ಮೆ ಕೂಗಿ ನೋಡಿ.

ಮತ್ತೆ ಕೇಳಿದ್ದು: ತುಂಗೆಯ_ತೊಟ್ಟಿಲು

ಎಲ್ಲರಿಗೂ ತುಂಬಾ ಧನ್ಯವಾದ. ಗೌರಿ, ಗಾರ್ಗಿ, ಇಳಾ ಮೂರು ಉಳಿಸಿಕೊಂಡಿದ್ದೇವೆ. ಇಂಗ್ಲಿಷಿನಲ್ಲಿ ಹೇಗೆ ಬರೆಸುವುದು? ನಮ್ಮ ಮನೆಯಲ್ಲಿ ಎಲ್ಲರಿಗೂ ಇನಿಷಿಯಲ್ ಮಾತ್ರ, ಮನೆತನದ ಹೆಸರಿಲ್ಲ. ಮಗುವಿಗೂ ಹಾಗೇ ಬರೆಸಿದರೆ ಆಗುತ್ತದೆಯೇ?

ಉತ್ತರ 4: ದಾಖಲೆ_ದಾರಿ

ಇನಿಷಿಯಲ್ ಬೇಡ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಅದನ್ನು ಬಿಡಿಸಿ ಬರೆಯಬೇಕು. ಆಗ ಜನನ ಪ್ರಮಾಣಪತ್ರ ಒಂದು ರೀತಿ, ಪಾಸ್‌ಪೋರ್ಟ್ ಇನ್ನೊಂದು ರೀತಿಯಾಗುತ್ತದೆ. ಒಂಟಿ ಹೆಸರೂ ಬೇಡ. ಪಾಸ್‌ಪೋರ್ಟಿನಲ್ಲಿ ಒಂದೇ ಪದವಿದ್ದರೆ ಅಮೆರಿಕದ ವೀಸಾದಲ್ಲಿ ಅದು ಮನೆತನದ ಹೆಸರಿನ ಜಾಗಕ್ಕೆ ಹೋಗಿ, ಮಗುವಿನ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬೀಳುತ್ತದೆ. 2022ರ ನವೆಂಬರಿನಿಂದ ಯುಎಇ ಕೂಡ ಒಂಟಿ ಹೆಸರಿನ ಪ್ರವಾಸಿಗಳಿಗೆ ಕಟ್ಟುನಿಟ್ಟು ಮಾಡಿದೆ. ಅಪ್ಪನ ಅಥವಾ ಅಮ್ಮನ ಹೆಸರನ್ನೋ ಊರಿನ ಹೆಸರನ್ನೋ ಪೂರ್ತಿಯಾಗಿ ಎರಡನೆಯ ಪದವಾಗಿ ಬರೆಸಿ. ಹೆಸರು ಚಿಕ್ಕದಿದ್ದಾಗ ಎರಡನೆಯದು ಉದ್ದವಿದ್ದರೂ ಭಾರವಾಗುವುದಿಲ್ಲ.

ಕಾಗುಣಿತ ಒಂದೊಂದಾಗಿ ನೋಡೋಣ.

ಗೌರಿ: ನಮ್ಮಲ್ಲಿ ‘ಜಿ ಓ ಡಬ್ಲ್ಯೂ ಆರ್ ಐ’ ಎಂದು ಬರೆಯುವ ರೂಢಿ ಇದೆ. ಜರ್ಮನ್ನರು ಡಬ್ಲ್ಯೂವನ್ನು ‘ವ’ ಎಂದು ಓದುವುದರಿಂದ ಅದು ‘ಗೋವ್ರಿ’ಯಂತೆ ಆಗುತ್ತದೆ. ‘ಜಿ ಎ ಯು ಆರ್ ಐ’ ಬರೆಸಿ. ಅವರಲ್ಲಿ ‘ಎ ಯು’ ಸೇರಿದರೆ ‘ಔ’, ಆದ್ದರಿಂದ ಉಚ್ಚಾರ ಸರಿಯಾಗಿಯೇ ಬರುತ್ತದೆ.

ಗಾರ್ಗಿ: ‘ಜಿ ಎ ಆರ್ ಜಿ ಐ’. ಜರ್ಮನ್ನಿನಲ್ಲಿ ‘ಜಿ’ ಸಾಮಾನ್ಯವಾಗಿ ಗಕಾರವೇ. ಇಂಗ್ಲಿಷ್ ಮಾತಾಡುವವರು ಮಾತ್ರ ಕೊನೆಯ ‘ಗಿ’ಯನ್ನು ‘ಜಿ’ ಎಂದು ಓದುವ ಸಾಧ್ಯತೆ ಇದೆ. ಅದನ್ನು ತಡೆಯಲು ಮಧ್ಯೆ ‘ಹೆಚ್’ ತುರುಕಬೇಡಿ, ಘಕಾರವಾಗಿಬಿಡುತ್ತದೆ.

ಇಳಾ: ‘ಐ ಎಲ್ ಎ’. ಇಲ್ಲಿ ಎರಡು ತೊಡಕು. ‘ಳ’ ಹೊರಗಿನವರಿಗೆ ಬರುವುದಿಲ್ಲ, ‘ಈಲಾ’ ಎನ್ನುತ್ತಾರೆ. ಅರ್ಥ ಕೆಡುವುದಿಲ್ಲ, ಸಂಸ್ಕೃತದಲ್ಲಿ ಇಲಾ ಎಂಬ ರೂಪವೂ ಇದೆ. ಎರಡನೆಯದು ಕಣ್ಣಿನದು: ದೊಡ್ಡ ‘ಐ’ ಮತ್ತು ಚಿಕ್ಕ ‘ಎಲ್’ ಅನೇಕ ಅಕ್ಷರ ವಿನ್ಯಾಸಗಳಲ್ಲಿ ಒಂದೇ ಥರ ಕಾಣುತ್ತವೆ. ಅರ್ಜಿ ನೋಡಿ ಟೈಪ್ ಮಾಡುವವರು ಎರಡು ‘ಎಲ್’ ಹಾಕಿಬಿಡುತ್ತಾರೆ. ಎಲ್ಲ ಅರ್ಜಿಗಳಲ್ಲೂ ದೊಡ್ಡ ಅಕ್ಷರಗಳಲ್ಲೇ ಬರೆಯಿರಿ.

ಮುಂದೆ ಮನಸ್ಸು ಬದಲಾಗಿ ಬೇರೆ ಹೆಸರಿಗೆ ಹೋದರೆ ಇದನ್ನೂ ನೆನಪಿಡಿ: ಜರ್ಮನ್ನರ ‘ಜೆ’ ಯಕಾರ. ಜಯಾ ಅಲ್ಲಿ ‘ಯಾಯಾ’ ಆಗುತ್ತಾಳೆ. ‘ವಿ’ ಅಕ್ಷರವನ್ನು ಎಷ್ಟೋ ಪದಗಳಲ್ಲಿ ಫಕಾರವಾಗಿ ಓದುತ್ತಾರೆ, ವಾಣಿ, ವೀಣಾಗಳಿಗೆ ಅದು ಅಡ್ಡಿ.

ಇನ್ನು ಪ್ರಮಾಣಪತ್ರ. ಜನನದ ನೋಂದಣಿ 21 ದಿನದೊಳಗೆ ಆಗಿರಬೇಕು, ನಿಮ್ಮದು ಆಗಿದೆ. ಹೆಸರು ಸೇರಿಸಲು ನೋಂದಣಿಯಾದ ದಿನದಿಂದ 12 ತಿಂಗಳು ಶುಲ್ಕವಿಲ್ಲದ ಅವಕಾಶ ಇದೆ. ಆಮೇಲೆ 15 ವರ್ಷದವರೆಗೆ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. ಹಾಗಾಗಿ ಅವಸರ ಬೇಡ, ಆದರೆ ಪಾಸ್‌ಪೋರ್ಟ್ ಬೇಕಿರುವುದರಿಂದ ಬಹಳ ಮುಂದೂಡಲೂಬೇಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಆಧಾರ್ ಎಲ್ಲಕ್ಕೂ ಜನ್ಮದಿನದ ಆಧಾರ ಈ ಪ್ರಮಾಣಪತ್ರವೇ. ಇದರಲ್ಲಿ ತಪ್ಪಾದರೆ ಮುಂದಿನ ಎಲ್ಲ ದಾಖಲೆಗೂ ಅದೇ ತಪ್ಪು ಹೋಗುತ್ತದೆ.

ಅರ್ಜಿ ಕೊಡುವಾಗ ಕನ್ನಡದ ಹೆಸರು ಮತ್ತು ಇಂಗ್ಲಿಷಿನ ಹೆಸರು ಎರಡನ್ನೂ ನೀವೇ ಬರೆದು ಕೊಡಿ. ಒಂದನ್ನು ಮಾತ್ರ ಕೊಟ್ಟರೆ ಇನ್ನೊಂದನ್ನು ಅಲ್ಲಿ ಕೂತವರು ಊಹಿಸಿ ಬರೆಯುತ್ತಾರೆ. ಇಳಾ ‘ಇಲಾ’ ಆಗುವುದು, ಗಾಥಾ ‘ಗಾತ’ ಆಗುವುದು ಹೀಗೆಯೇ. ಅಚ್ಚಿಗೆ ಹಾಕುವ ಮೊದಲು ಕಂಪ್ಯೂಟರ್ ಪರದೆಯಲ್ಲೇ ತೋರಿಸಲು ಕೇಳಿ. ಅಪ್ಪ ಅಮ್ಮನ ಹೆಸರು ಅವರ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಅಕ್ಷರಕ್ಕೆ ಅಕ್ಷರ ಇದೆಯೇ ಎಂದೂ ಅಲ್ಲೇ ನೋಡಿಕೊಳ್ಳಿ. ಬರವಣಿಗೆಯ ತಪ್ಪನ್ನು ಆಮೇಲೆ ತಿದ್ದಿಸಲು ಕಾನೂನಿನಲ್ಲಿ ದಾರಿ ಇದೆ, ಆದರೆ ‘ಇಳಾ ಬೇಡ, ಗಾರ್ಗಿ ಇರಲಿ’ ಎಂದು ಹೆಸರನ್ನೇ ಬದಲಿಸುವುದು ತಿದ್ದುಪಡಿ ಎನಿಸುವುದಿಲ್ಲ.