ಕಿರುಚಿತ್ರಕ್ಕೆ ಸ್ಕೋಪ್ ಬೇಕಾ, ಬೇಡವಾ? ಛಾಯಾಗ್ರಾಹಕಿಯ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ತೆ ಮೇಡಂ. ನನ್ನ ಮೊದಲ ಕಿರುಚಿತ್ರ ಮಾಡುತ್ತಿದ್ದೇನೆ, 18 ನಿಮಿಷದ್ದು. ಹಾಸಿಗೆ ಹಿಡಿದ ಅಪ್ಪ, ನೋಡಿಕೊಳ್ಳುವ ಮಗಳು. ಇಡೀ ಕಥೆ ಎರಡು ಸಣ್ಣ ಕೋಣೆಗಳಲ್ಲೇ ನಡೆಯುತ್ತದೆ. ನನ್ನ ಕ್ಯಾಮೆರಾ 16:9ರಲ್ಲಿ (ಅಗಲ 16 ಇದ್ದರೆ ಎತ್ತರ 9) ರೆಕಾರ್ಡ್ ಮಾಡುತ್ತದೆ. ಗೆಳೆಯರೆಲ್ಲ “ಮೇಲೆ ಕೆಳಗೆ ಕಪ್ಪು ಪಟ್ಟಿ ಹಾಕು, ಸಿನಿಮಾ ಥರ ಕಾಣುತ್ತೆ” ಅನ್ನುತ್ತಾರೆ. ಎಡಿಟಿಂಗ್‌ನಲ್ಲಿ ಹಾಕಿಕೊಂಡರೆ ಸಾಕಾ, ಮೊದಲೇ ತೀರ್ಮಾನ ಮಾಡಬೇಕಾ?

ಉತ್ತರ: ಮೊದಲೇ ತೀರ್ಮಾನ ಮಾಡಿ. ಶೂಟಿಂಗ್‌ಗೆ ಮುಂಚೆ, ಆದರೆ ಆ ಕೋಣೆಗಳನ್ನು ಕಣ್ಣಾರೆ ನೋಡಿದ ಮೇಲೆ.

ಪಟ್ಟಿ ಹಾಕಿದರೆ ಚಿತ್ರಕ್ಕೆ ಏನೂ ಸೇರುವುದಿಲ್ಲ, ಇದ್ದದ್ದು ಹೋಗುತ್ತದೆ. ಸ್ಕೋಪ್ ಅಂದರೆ ಅಗಲ ಎತ್ತರದ 2.39 ಪಟ್ಟು ಇರುವ ಆಕಾರ. 1920×1080 ಫ್ರೇಮಿನಲ್ಲಿ 2.39:1 ಸ್ಕೋಪ್ ಮಾಡಿದರೆ 1080 ಪಿಕ್ಸೆಲ್ ಸಾಲುಗಳಲ್ಲಿ ಉಳಿಯುವುದು ಸುಮಾರು 803. ಎತ್ತರದ ಕಾಲು ಭಾಗ ಕಪ್ಪಿಗೆ ಹೋಯಿತು.

ಸ್ಕೋಪ್ ಹುಟ್ಟಿದ್ದೇ ಚಿತ್ರ ದೊಡ್ಡದಾಗಲಿ ಅಂತ. 1950ರ ದಶಕದ ಶುರುವಿನಲ್ಲಿ ಅಮೆರಿಕದ ಜನ ಥಿಯೇಟರ್ ಬಿಟ್ಟು ಮನೆಯಲ್ಲಿ ಟಿವಿ ಮುಂದೆ ಕೂರತೊಡಗಿದ್ದರು. ಟಿವಿಯ ಆಕಾರ 4:3. ಆಗಿನ ಸಿನಿಮಾದ್ದೂ ಹೆಚ್ಚುಕಮ್ಮಿ ಅದೇ, 1.37:1. ಮನೆಯಲ್ಲಿ ಸಿಗದ್ದನ್ನು ಕೊಡದೆ ಸ್ಟುಡಿಯೋಗಳಿಗೆ ಬೇರೆ ದಾರಿ ಇರಲಿಲ್ಲ. 1952ರಲ್ಲಿ ಸಿನೆರಾಮಾ ಬಂತು, ಮೂರು ಪ್ರೊಜೆಕ್ಟರ್ ಇಟ್ಟು ಬಾಗಿದ ಪರದೆಯನ್ನು ತುಂಬಿಸಿತು. ಮರುವರ್ಷವೇ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಿನಿಮಾಸ್ಕೋಪ್ ತಂದಿತು. ಅದರ ಬೇರು ಫ್ರಾನ್ಸಿನ ಆನ್ರಿ ಕ್ರೆತಿಯೆನ್ 1920ರ ದಶಕದಲ್ಲೇ ಮಾಡಿದ್ದ ಲೆನ್ಸಿನಲ್ಲಿತ್ತು. ಅಗಲವಾದ ದೃಶ್ಯವನ್ನು ಅಡ್ಡಡ್ಡ ಅರ್ಧಕ್ಕೆ ಹಿಂಡಿ 35 ಎಂಎಂ ಫಿಲ್ಮಿನಲ್ಲಿ ಕೂರಿಸುವುದು, ತೋರಿಸುವಾಗ ಮತ್ತೆ ಹಿಗ್ಗಿಸುವುದು. ಎತ್ತರ ಬದಲಾಗದ ಪರದೆ ಇದ್ದ ಥಿಯೇಟರಿನಲ್ಲಿ ಪಕ್ಕದ ಕಪ್ಪು ಬಟ್ಟೆ ಸರಿಯುತ್ತಿತ್ತು, ಚಿತ್ರ ಎಡಕ್ಕೂ ಬಲಕ್ಕೂ ಬೆಳೆಯುತ್ತಿತ್ತು. ಆ ಕ್ಷಣಕ್ಕೆ ಮೈ ಜುಂ ಅನ್ನುತ್ತದೆ, ಇವತ್ತಿಗೂ.

ಅದೇ ಆಕಾರ ಮನೆಯ ಟಿವಿಗೆ ಬಂದರೆ ಅಗಲ ಬೆಳೆಯುವುದಿಲ್ಲ, ಎತ್ತರ ಕುಗ್ಗುತ್ತದೆ. ಟಿವಿಯನ್ನು ಸೋಲಿಸಲು ಹುಟ್ಟಿದ ಆಕಾರವೇ ಟಿವಿಯಲ್ಲಿ ಎಲ್ಲಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಹಾಗಾಗಿ ನಿಮ್ಮ ಚಿತ್ರವನ್ನು ಜನ ಎಲ್ಲಿ ನೋಡುತ್ತಾರೆ ಅನ್ನುವುದನ್ನು ಮೊದಲು ಯೋಚಿಸಿ.

ಇನ್ನು ಕಥೆ. ಅಪ್ಪ ಮಲಗಿದ್ದಾನೆ, ಅದು ಅಡ್ಡ ಆಕಾರ. ಮಗಳು ಬಾಗಿಲಲ್ಲಿ ನಿಂತಿದ್ದಾಳೆ, ಅದು ಉದ್ದ ಆಕಾರ. ಅವನ ಮುಖವೊಂದನ್ನೇ ದಿಂಬಿನ ಮೇಲೆ ತೋರಿಸಲು ಸ್ಕೋಪ್ ಚೆನ್ನ. ಅವಳು ಹೊಸ್ತಿಲಲ್ಲಿ ಒಳಗೆ ಬರಲೋ ಬೇಡವೋ ಅಂತ ನಿಂತದ್ದನ್ನು ತೋರಿಸಲು ಎತ್ತರ ಬೇಕು. ಕಥೆ ಯಾರದು ಅಂತ ನೀವೇ ಹೇಳಬೇಕು. ಕೋಣೆಗೆ ಹೋಗಿ, ಮಾನಿಟರಿನ ಮೇಲೆ ಕಪ್ಪು ಟೇಪ್ ಅಂಟಿಸಿ. ಒಂದು ಸಲ ಮೇಲೆ ಕೆಳಗೆ, ಇನ್ನೊಂದು ಸಲ ಎಡಕ್ಕೆ ಬಲಕ್ಕೆ. ಇಬ್ಬರನ್ನು ನಿಲ್ಲಿಸಿ, ಮಲಗಿಸಿ ನೋಡಿ. ಆಮೇಲೆ ಇಲ್ಲೇ ಬರೆಯಿರಿ.

ಪ್ರಶ್ನೆ: ಮೇಡಂ, ಮಧ್ಯೆ ಒಂದು ಸಣ್ಣ ಪ್ರಶ್ನೆ. 16:9 ಅನ್ನುವ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಸಿನಿಮಾದಲ್ಲಿ 1.85, 2.39 ಇವೆ. 16:9ರಲ್ಲಿ ಥಿಯೇಟರ್ ಸಿನಿಮಾ ಮಾಡುವವರೇ ಕಡಿಮೆ ಅಲ್ವಾ?

ಉತ್ತರ: ಅದು ಎಲ್ಲರ ನಡುವಿನ ರಾಜಿ. 1980ರ ದಶಕದಲ್ಲಿ ಹೊಸ ಟಿವಿಯ ಆಕಾರದ ಚರ್ಚೆ ನಡೆಯುತ್ತಿತ್ತು. ಅಮೆರಿಕದ ಇಂಜಿನಿಯರ್ ಕರ್ನ್ಸ್ ಪವರ್ಸ್ ಆಗ ಬಳಕೆಯಲ್ಲಿದ್ದ ಎಲ್ಲ ಆಕಾರಗಳ ಆಯತಗಳನ್ನು ಒಂದೇ ವಿಸ್ತೀರ್ಣಕ್ಕೆ ತಂದು, ನಡುಬಿಂದು ಸೇರಿಸಿ ಒಂದರ ಮೇಲೊಂದು ಇಟ್ಟರು. ಎಲ್ಲವನ್ನೂ ಒಳಗೊಳ್ಳುವ ಹೊರ ಆಯತ ಸುಮಾರು 1.77, ಅಂದರೆ ಹೆಚ್ಚುಕಮ್ಮಿ 16:9 ಬಂತು. ಎಲ್ಲಕ್ಕೂ ಸಾಮಾನ್ಯವಾದ ಒಳ ಆಯತವೂ 1.77. ಲೆಕ್ಕ ಸುಲಭ: 1.33ನ್ನು (ಅದು 4:3) 2.35ರಿಂದ (ಅದು ಆಗ ಲೆಕ್ಕಕ್ಕೆ ಹಿಡಿದ ಸ್ಕೋಪ್) ಗುಣಿಸಿ, ವರ್ಗಮೂಲ ತೆಗೆಯಿರಿ. ಹಳೆಯ 4:3 ಹಾಕಿದರೆ ಪಕ್ಕದಲ್ಲಿ ಕಾಲು ಭಾಗ ಕಪ್ಪು, ಸ್ಕೋಪ್ ಹಾಕಿದರೆ ಮೇಲೆ ಕೆಳಗೆ ಸೇರಿ ಕಾಲು ಭಾಗ ಕಪ್ಪು. ಇಬ್ಬರಿಗೂ ಸಮನಾದ ನಷ್ಟ. ಎಷ್ಟು ನೇರವಾದ ಯೋಚನೆ ನೋಡಿ, ನನಗೆ ತುಂಬಾ ಇಷ್ಟ.

ಪ್ರಶ್ನೆ: ಟಿವಿಯಲ್ಲಿ ಜೂಮ್ ಬಟನ್ ಒತ್ತಿ ಪಟ್ಟಿ ತೆಗೆದು ನೋಡುತ್ತೇನೆ. ತಪ್ಪಾ?

ಉತ್ತರ: ದಯವಿಟ್ಟು ಬೇಡ. ಸ್ಕೋಪ್ ಚಿತ್ರದಲ್ಲಿ ಎಡತುದಿ, ಬಲತುದಿ ಎರಡೂ ಸೇರಿ ಕಾಲು ಭಾಗ ಹೋಗುತ್ತದೆ. ತುದಿಯಲ್ಲಿ ಯಾರೋ ಸುಮ್ನೆ ನಿಂತು ಕೇಳಿಸಿಕೊಳ್ಳುತ್ತಿರುತ್ತಾರೆ, ಅವರೇ ಮಾಯ. 4:3 ಟಿವಿ ಕಾಲದಲ್ಲಿ ಸ್ಕೋಪ್ ಚಿತ್ರಗಳ ಅಗಲದಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ಕತ್ತರಿಸಿ ತೋರಿಸುತ್ತಿದ್ದರು. ಎದುರುಬದುರು ಕೂತ ಇಬ್ಬರು ಮಾತಾಡಿದರೆ ಒಮ್ಮೆ ಒಬ್ಬರ ಮೂಗು, ಒಮ್ಮೆ ಇನ್ನೊಬ್ಬರ ಮೂಗು ಕಾಣುತ್ತಿತ್ತು.

ಪ್ರಶ್ನೆ: ವೆಬ್ ಸರಣಿಯವರು 2:1 ಕೇಳುತ್ತಿದ್ದಾರೆ. ಇದು ಎಲ್ಲಿಂದ ಬಂತು ಮೇಡಂ? ಶೂಟ್ ಮಾಡುವಾಗ ಏನು ಎಚ್ಚರ ಬೇಕು?

ಉತ್ತರ: ಇಟಲಿಯ ಛಾಯಾಗ್ರಾಹಕ ವಿಟ್ಟೋರಿಯೋ ಸ್ಟೊರಾರೊ 1998ರಲ್ಲಿ ಯೂನಿವಿಸಿಯಂ ಅನ್ನುವ ಹೆಸರಿನಲ್ಲಿ 2:1 ಸೂಚಿಸಿದರು. ಥಿಯೇಟರಿಗೂ ಟಿವಿಗೂ ಒಂದೇ ಫ್ರೇಮ್ ಇರಲಿ, ಯಾರೂ ಕತ್ತರಿಸದಿರಲಿ ಅನ್ನುವುದು ಅವರ ಆಸೆ. ಸ್ಟ್ರೀಮಿಂಗ್ ಬಂದ ಮೇಲೆ ಅದು ಚಾಲ್ತಿಗೆ ಬಂತು. 16:9 ಟಿವಿಯಲ್ಲಿ 960 ಸಾಲು ಸಿಗುತ್ತವೆ, ಪಟ್ಟಿ ತೆಳ್ಳಗಿರುತ್ತದೆ. ಉದ್ದನೆಯ ಮೊಬೈಲಿಗೂ ಹೊಂದುತ್ತದೆ. ನನಗೆ ಒಳ್ಳೆಯ ಆಯ್ಕೆ ಅನಿಸುತ್ತದೆ.

ಎಚ್ಚರ ಅಂದಿರಲ್ಲ, ನನಗೇ ಆದದ್ದು ಹೇಳುತ್ತೇನೆ. ಒಂದು ಧಾರಾವಾಹಿಗೆ ಮಾನಿಟರಿನಲ್ಲಿ ಸ್ಕೋಪ್ ಗೆರೆ ಹಾಕಿಕೊಂಡು ಮೂರು ದಿನ ಶೂಟ್ ಮಾಡಿದೆ. ಗೆರೆಯ ಹೊರಗೆ ಏನಿದೆ ಅಂತ ಯಾರೂ ನೋಡಲಿಲ್ಲ. ಆಮೇಲೆ ಪೂರ್ತಿ 16:9 ಕೊಡಿ ಅಂದರು. ತೆರೆದು ನೋಡಿದರೆ ಪ್ರತಿ ಶಾಟಿನ ಮೇಲ್ತುದಿಯಲ್ಲೂ ಬೂಮ್ ಮೈಕಿನ (ಉದ್ದ ಕೋಲಿಗೆ ಕಟ್ಟಿ ಮೇಲಿಂದ ಹಿಡಿಯುವ ಮೈಕ್) ಕಪ್ಪು ತುಪ್ಪಳ ತೂಗಾಡುತ್ತಿದೆ. ಒಂದು ಅಳುವ ದೃಶ್ಯ ಇತ್ತು. ನಟಿ ಜೀವ ತುಂಬಿ ಮಾಡಿದ್ದರು. ಮೈಕ್ ತಪ್ಪಿಸಲು ಅದನ್ನು ಹಿಗ್ಗಿಸಬೇಕಾಯಿತು, ಅವರ ಕೈಬೆರಳುಗಳು ಫ್ರೇಮಿನಿಂದ ಹೊರಗೆ ಹೋದವು. ಆ ದೃಶ್ಯದಲ್ಲಿ ಅಳುತ್ತಿದ್ದದ್ದೇ ಆ ಬೆರಳುಗಳು. ಈಗಲೂ ನೆನೆದರೆ ಹೊಟ್ಟೆ ಕಿವುಚುತ್ತದೆ. ಕೊನೆಗೆ ಯಾವ ಆಕಾರದಲ್ಲಿ ಕೊಡಬೇಕು ಅಂತ ಮೊದಲ ದಿನಕ್ಕೆ ಮುಂಚೆಯೇ ಬರಹದಲ್ಲಿ ತೆಗೆದುಕೊಳ್ಳಿ. ಗೆರೆಯ ಹೊರಗನ್ನೂ ಸ್ವಚ್ಛ ಇಡಿ.

ಪ್ರಶ್ನೆ: ದೃಶ್ಯವನ್ನು ಅಡ್ಡಡ್ಡ ಹಿಂಡುವ ಅನಮಾರ್ಫಿಕ್ ಲೆನ್ಸ್ ಇಲ್ಲದೆ ತೆಗೆದರೆ ಅದು ನಿಜವಾದ ಸ್ಕೋಪ್ ಅಲ್ಲವಂತೆ, ಹೌದಾ?

ಉತ್ತರ: ಹಾಗೇನಿಲ್ಲ. ಸ್ಕೋಪ್ ಅಂದರೆ ಆಕಾರ ಅಷ್ಟೇ. ಮಾಮೂಲಿ ಲೆನ್ಸಿನಲ್ಲಿ ತೆಗೆದು ಕತ್ತರಿಸಿದ ದೊಡ್ಡ ಚಿತ್ರಗಳು ಬೇಕಾದಷ್ಟಿವೆ. ಅನಮಾರ್ಫಿಕ್ ಲೆನ್ಸಿನ ಗುಣವೇ ಬೇರೆ. ಹಿನ್ನೆಲೆಯ ಮಸುಕು ದೀಪಗಳು ಮೊಟ್ಟೆಯಾಕಾರ ಆಗುತ್ತವೆ, ಎದುರು ಬೆಳಕು ಬಿದ್ದರೆ ಅಡ್ಡ ಗೆರೆ ಎಳೆದ ಹಾಗೆ ಹರಡುತ್ತದೆ. ಅದು ಬೇಕಿದ್ದರೆ ಮಾತ್ರ ಆ ಲೆನ್ಸ್ ಹುಡುಕಿ.

ಪ್ರಶ್ನೆ: ಮೇಡಂ, ಮೊದಲು ಕೇಳಿದ್ದು ನಾನೇ. ಟೇಪ್ ಹಾಕಿ ನೋಡಿದೆ. ಸ್ಕೋಪಿನಲ್ಲಿ ಅಪ್ಪ ಮಲಗಿದ ಶಾಟ್ ತುಂಬಾ ಚೆನ್ನಾಗಿತ್ತು. ಮಗಳು ಮಂಚದ ಪಕ್ಕ ಎದ್ದು ನಿಂತ ಕೂಡಲೇ ತಲೆ ಕತ್ತರಿಸಿತು. ಹಿಂದೆ ಹೋಗೋಣ ಅಂದರೆ ಬೆನ್ನಿಗೆ ಗೋಡೆ. ವೈಡ್ ಲೆನ್ಸ್ ಹಾಕಿದೆ, ಅಪ್ಪನ ಕಾಲು ಮುಖಕ್ಕಿಂತ ದೊಡ್ಡದಾಯಿತು. ಪಕ್ಕಕ್ಕೆ ಟೇಪ್ ಹಾಕಿ 4:3 ಮಾಡಿದಾಗ ಅವಳು ಬಾಗಿಲ ಚೌಕಟ್ಟಿನಲ್ಲಿ ಪೂರ್ತಿ ನಿಂತಳು. ಮುಂದೆ ಮಂಚದ ತುದಿ, ಅಪ್ಪನ ಒಂದು ಕೈ ಮಾತ್ರ. ನೋಡಿ ಸುಮ್ಮನಾಗಿಬಿಟ್ಟೆ. ಆದರೆ ಹಳೇ ಟಿವಿ ಥರ ಕಂಡರೆ?

ಉತ್ತರ: ಆ ಒಂದು ಕೈ ಸಾಕು, ನಿಮ್ಮ ಉತ್ತರ ಸಿಕ್ಕಿದೆ. ಹಳೇ ಟಿವಿ ಥರ ಕಾಣುವುದಿಲ್ಲ. ಬೇಕು ಅಂತಲೇ ಇಟ್ಟ ಫ್ರೇಮ್ ಎರಡನೇ ಶಾಟಿಗೇ ನೋಡುವವರಿಗೆ ಗೊತ್ತಾಗುತ್ತದೆ. ಅಪ್ಪನ ಶಾಟಿಗೆ ಕ್ಯಾಮೆರಾವನ್ನು ದಿಂಬಿನ ಎತ್ತರಕ್ಕೆ ಇಳಿಸಿ, ಮುಖದ ಮೇಲ್ಗಡೆ ಗೋಡೆ ಕಾಣಲು ಬಿಡಿ. ಆ ಖಾಲಿ ಗೋಡೆ ಅವನ ಮೇಲೆ ಭಾರ ಹೇರುತ್ತದೆ, ಸ್ಕೋಪಿನಲ್ಲಿ ಅದು ಸಿಗುತ್ತಿರಲಿಲ್ಲ. ಕ್ಯಾಮೆರಾ 16:9ರಲ್ಲೇ ಓಡಲಿ, ಮಾನಿಟರಿನಲ್ಲಿ 4:3 ಗೆರೆ ಇರಲಿ. ಕೊನೆಗೆ 1440×1080 ಚಿತ್ರವನ್ನು 1920×1080ರ ನಡುವೆ ಕೂರಿಸಿ ಕೊಡಿ. ಮತ್ತೆ, ಎಡಕ್ಕೂ ಬಲಕ್ಕೂ ಗೆರೆಯಾಚೆ ಲೈಟ್ ಸ್ಟ್ಯಾಂಡ್ ಇಡಬೇಡಿ. ಯಾರಾದರೂ 16:9 ಕೇಳಿಯೇ ಕೇಳುತ್ತಾರೆ.