ಅಪ್‌ಡೇಟ್: ಚುಕ್ಕಾಣಿಯ ಹಿಡಿತ ತಪ್ಪಿಸುತ್ತಿದ್ದುದು ಕ್ಯಾವಿಟೇಶನ್ ಅಲ್ಲ, ಗಾಳಿ

ಹೈಡ್ರೋಫಾಯಿಲ್ (ನೀರೊಳಗಿನ ರೆಕ್ಕೆಗಳ ಮೇಲೆ ಎದ್ದು ಹಾರುವ) ಹಾಯಿದೋಣಿ 18 ನಾಟ್‌ನಲ್ಲಿ ತಿರುಗುವಾಗ ಚುಕ್ಕಾಣಿ ಇದ್ದಕ್ಕಿದ್ದಂತೆ ಹಿಡಿತ ಬಿಡುತ್ತದೆ, ಇದು ಕ್ಯಾವಿಟೇಶನ್ನೇ, ಅಂದರೆ ಒತ್ತಡ ಕುಸಿದು ನೀರೇ ಆವಿಯ ಗುಳ್ಳೆಯಾಗುವುದೇ, ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಇದು ವೆಂಟಿಲೇಶನ್: ಮೇಲಿನ ಗಾಳಿ ಚುಕ್ಕಾಣಿಯ ಬದಿಗೆ ನುಗ್ಗುವುದು.

ಲೆಕ್ಕವೇ ಹೇಳುತ್ತದೆ. 18 ನಾಟ್ ಅಂದರೆ ಸೆಕೆಂಡಿಗೆ ಸುಮಾರು 9.3 ಮೀಟರ್; ಸಮುದ್ರದ ನೀರಿನಲ್ಲಿ ಚಲನ ಒತ್ತಡ (ಹರಿವಿನ ವೇಗದಿಂದ ಬರುವ ಒತ್ತಡ) ಸುಮಾರು 44 ಕಿಲೋಪಾಸ್ಕಲ್. ನೀರು ಆವಿಯಾಗಬೇಕಾದರೆ ಒತ್ತಡ ವಾತಾವರಣದ 101 ಕಿಲೋಪಾಸ್ಕಲ್‌ನಿಂದ ಸುಮಾರು 3ಕ್ಕೆ ಇಳಿಯಬೇಕು, ಅಂದರೆ ಚಲನ ಒತ್ತಡದ ಎರಡು ಪಟ್ಟಿಗೂ ಹೆಚ್ಚು ಕುಸಿತ. ಹರಿವಿಗೆ ಸಣ್ಣ ಕೋನದಲ್ಲಿರುವ ನಯವಾದ ಸ್ಟ್ರಟ್‌ನಲ್ಲಿ (ನೀರಿಗಿಳಿದಿರುವ ಚುಕ್ಕಾಣಿಯ ಲಂಬ ಅಲಗು) ಅದು ಕಷ್ಟ. ಗಾಳಿಗೆ ಅಷ್ಟೇನೂ ಬೇಡ: ಒತ್ತಡ ವಾತಾವರಣಕ್ಕಿಂತ ಕಡಿಮೆಯಿದ್ದು, ಹರಿವು ಸ್ಟ್ರಟ್‌ನಿಂದ ಬೇರ್ಪಟ್ಟು, ನೀರಿನ ಮೇಲ್ಮೈಯಿಂದ ಅಲ್ಲಿಗೆ ದಾರಿ ಸಿಕ್ಕರೆ ಸಾಕು, ಅದು ಸರ್ರನೆ ಕೆಳಗಿಳಿಯುತ್ತದೆ.

ಈಗ ಸ್ಟ್ರಟ್‌ನ ಮುಂದಿನ ಅಂಚನ್ನು ಸುತ್ತಿ ಎರಡೂ ಬದಿಗೆ ಚಾಚುವ ತೆಳು ಫೆನ್ಸ್‌ಗಳನ್ನು (ಗಾಳಿ ಕೆಳಗಿಳಿಯದಂತೆ ತಡೆಯುವ ಅಡ್ಡ ಪಟ್ಟಿಗಳನ್ನು), ಹಾರುವಾಗಿನ ನೀರಿನ ಮಟ್ಟದ ಕೆಳಗೆ ಒಂದರ ಕೆಳಗೊಂದು ಅಂಟಿಸಿದೆ. ಹಿಡಿತ ಈಗ ತಪ್ಪುತ್ತಿಲ್ಲ. ಫೆನ್ಸ್ ಹರಿವಿಗೆ ಸಮಾನಾಂತರವಾಗಿರಲೇಬೇಕು. ಓರೆಯಾದರೆ ಅದರ ಹಿಂದೆಯೇ ಗಾಳಿ ನೆಲೆ ಹಿಡಿಯುತ್ತದೆ. ಮುಂದಿನ ಅಂಚಿನ ಗೀರು, ಉಬ್ಬುಗಳನ್ನೂ ಉಜ್ಜಿ ನಯ ಮಾಡಿ.

ಒಮ್ಮೆ ಗಾಳಿ ಹೊಕ್ಕ ಮೇಲೆ ಚುಕ್ಕಾಣಿಯ ಕೋನ ತುಸು ತಗ್ಗಿಸಿದರೆ ಸಾಲದು. ಗಾಳಿ ಹೊಕ್ಕಾಗ ಇದ್ದ ಕೋನಕ್ಕಿಂತ ಬಹಳ ಕೆಳಗೆ, ಹೆಚ್ಚುಕಡಿಮೆ ನೇರಕ್ಕೆ ತಂದರೆ ಮಾತ್ರ ನೀರು ಮತ್ತೆ ಅಂಟುತ್ತದೆ.