ಅಪ್‌ಡೇಟ್: ಹವಳ ಮುದುಡಿದ್ದು ಯಾಕೆ ಅಂತ ಗೊತ್ತಾಯಿತು
ನನ್ನ 400 ಲೀಟರ್ ರೀಫ್ ಟ್ಯಾಂಕಿನಲ್ಲಿ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ವಿಷಕಾರಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ, ಆದರೂ ಹವಳ ಅರಳುತ್ತಿಲ್ಲ ಅಂತ ಕೇಳಿದ್ದೆನಲ್ಲ? ಲೈಟ್ ಕಡಿಮೆ ಮಾಡಿದೆ, ಪಂಪಿನ ದಿಕ್ಕು ತಿರುಗಿಸಿದೆ. ಪ್ರಯೋಜನ ಆಗಲಿಲ್ಲ.

"ರಿಫ್ರಾಕ್ಟೋಮೀಟರನ್ನೇ ಮೊದಲು ಅನುಮಾನಿಸಿ" ಅಂದವರ ಮಾತೇ ನಿಜವಾಯಿತು! ಅದು ನೀರಿನ ಉಪ್ಪಿನಂಶ ಅಳೆಯುವ ಉಪಕರಣ. ಆರ್‌ಒ ನೀರು (ಫಿಲ್ಟರ್ ಮಾಡಿದ ಉಪ್ಪಿಲ್ಲದ ನೀರು) ಹಾಕಿ ಸೊನ್ನೆಗೆ ಹೊಂದಿಸಿದರೆ ಸಾಕು ಅಂದುಕೊಂಡಿದ್ದೆ. ಪರೀಕ್ಷೆಗೆಂದೇ ಇರುವ 35 ಪಿಪಿಟಿ (ಸಾವಿರ ಭಾಗದಲ್ಲಿ 35 ಭಾಗ ಉಪ್ಪು) ದ್ರಾವಣ ಹಾಕಿದರೆ 31 ತೋರಿಸಿತು. ಅಂದರೆ ಇಷ್ಟು ದಿನ ಮೀಟರ್ 35 ತೋರಿಸುತ್ತಿದ್ದಾಗ ಟ್ಯಾಂಕ್ ನೀರಿನ ಉಪ್ಪು ನಿಜವಾಗಿ ಸುಮಾರು 39! ಸೊನ್ನೆ ಸರಿ ಇದ್ದರೆ 35 ಕೂಡ ಸರಿ ಇರಬೇಕಂತಿಲ್ಲ, ಇದು ನನಗೆ ಹೊಸದು.

ದಿನಕ್ಕೆ ಸುಮಾರು 1 ಪಿಪಿಟಿಯಂತೆ ಇಳಿಸಿದೆ, ಸ್ವಲ್ಪ ಟ್ಯಾಂಕ್ ನೀರು ತೆಗೆದು ಆರ್‌ಒ ನೀರು ತುಂಬುತ್ತಾ. ಐದನೇ ದಿನ ಜೋವಾಂಥಿಡ್ (ಹವಳದಂಥ ಮೆತ್ತನೆಯ ಜೀವಿಗಳು) ಎಲ್ಲಾ ಅರಳಿದವು. ಹ್ಯಾಮರ್ ಹವಳ ಮಾತ್ರ ಇನ್ನೂ ಮುನಿಸಿಕೊಂಡಿದೆ.